ಕೇಕಿಗೆ ಎಷ್ಟು ವ್ಯಾಟ್ ಬೇಕು?

ಬೆಂಗಳೂರಿನ ಯಾವ ಅಂಗಡಿಗೆ ಬೇಕಾದ್ರೂ ಹೋಗಿ ‘ಮಿಕ್ಸರ್ ತೋರಿಸಿ’ ಅಂತ ಕೇಳಿ ನೋಡಿ, ಮೂರು ಜಾರಿನ ಮಿಕ್ಸಿ ಎದುರಿಗೆ ಬಂದು ಕೂರುತ್ತೆ. ಜಯನಗರದಲ್ಲಿ ನನಗೂ ಹಾಗೇ ಆಯ್ತು. ‘ಇದಲ್ಲಪ್ಪಾ, ಕೇಕ್ ಮಾಡೋದಕ್ಕೆ’ ಅಂದೆ. ‘ಓ, ಬೀಟರ್ರಾ ಸಾರ್? ಹಾಗೆ ಹೇಳಿ ಮತ್ತೆ’ ಅಂತ ಹುಡುಗ ಒಳಗೆ ಹೋದ.

ತಪ್ಪು ಅವನದಲ್ಲ ಬಿಡಿ. 1960ರ ದಶಕದಲ್ಲಿ ಎಸ್. ಪಿ. ಮಾಥುರ್ ಅನ್ನೋ ಎಂಜಿನಿಯರ್, ಮನೆಯಲ್ಲಿದ್ದ ವಿದೇಶಿ ಮಿಕ್ಸರ್ ನಮ್ಮ ಅಡುಗೆಯ ರುಬ್ಬುವ ಕೆಲಸಕ್ಕೆ ತಾಳದೆ ಕೆಟ್ಟಾಗ, ಗಟ್ಟಿ ಮೋಟಾರು ಹಾಕಿ ತಾವೇ ಒಂದು ಯಂತ್ರ ಮಾಡಿದರು. ಅದೇ ಸುಮೀತ್. ಉದ್ದಿನಬೇಳೆ, ಒಣಕೊಬ್ಬರಿ, ಅರಿಶಿನದ ಕೊಂಬು ಇಂಥವಕ್ಕೆಲ್ಲ ತಾಕತ್ತು ಬೇಕೇ ಬೇಕು. 500 ವ್ಯಾಟಿಗಿಂತ 750 ಮೇಲು, 750ಕ್ಕಿಂತ 1000 ಮೇಲು ಅನ್ನೋ ಲೆಕ್ಕ ನಮ್ಮ ಅಮ್ಮಂದಿರ ಕಾಲದಿಂದ ಬಂದದ್ದು. ಮಿಕ್ಸಿಯ ಮಟ್ಟಿಗೆ ಅದು ಅಷ್ಟೇನೂ ತಪ್ಪಲ್ಲ. ತೊಂದರೆ ಏನಂದ್ರೆ, ಅದೇ ಲೆಕ್ಕ ಹಿಡ್ಕೊಂಡು ನಾವು ಕೇಕಿನ ಯಂತ್ರ ಕೊಳ್ಳೋದಕ್ಕೂ ಹೊರಡ್ತೀವಿ.

ನಾನು ಹೊರಟಿದ್ದೆ. ಮೂರು ವರ್ಷದ ಹಿಂದೆ, ಎರಡು ವೀಕೆಂಡ್ ಕೂತು ಎಕ್ಸೆಲ್ ಶೀಟ್ ಮಾಡಿದ್ದೆ. ವ್ಯಾಟ್, ಲೀಟರ್, ಸ್ಪೀಡ್‌ಗಳ ಸಂಖ್ಯೆ, ಸ್ಟಾರ್ ರೇಟಿಂಗ್, ಬೆಲೆ, ಎಲ್ಲಕ್ಕೂ ಒಂದೊಂದು ಕಾಲಂ. 1300 ವ್ಯಾಟ್, 5 ಲೀಟರ್ ಬಟ್ಟಲಿನ ಸ್ಟ್ಯಾಂಡ್ ಮಿಕ್ಸರ್ ಗೆದ್ದಿತು. ಇಎಂಐ ಕಟ್ಟಿ ತಂದೆ. ‘ನಾನು ಎಷ್ಟು ಕೇಕ್ ಮಾಡ್ತೀನಿ’ ಅನ್ನೋ ಕಾಲಂ ಮಾತ್ರ ಆ ಶೀಟಿನಲ್ಲಿ ಇರಲೇ ಇಲ್ಲ.

ನಾನು ಮಾಡೋದು ತಿಂಗಳಿಗೊಂದು, ಎರಡು ಮೊಟ್ಟೆಯ ಅರ್ಧ ಕೇಜಿ ಕೇಕ್. ಅಷ್ಟು ದೊಡ್ಡ ಬಟ್ಟಲಿನಲ್ಲಿ ಎರಡು ಮೊಟ್ಟೆ ತಳದಲ್ಲಿ ತೆಳ್ಳಗೆ ಹರಡಿಕೊಂಡವು. ಬೀಟರ್ ಅವುಗಳ ತಲೆ ಸವರಿಕೊಂಡು ಗಿರಗಿರ ತಿರುಗಿತೇ ಹೊರತು ನೊರೆ ಮಾತ್ರ ಏಳಲಿಲ್ಲ. ಸರಿ, ಬ್ರೆಡ್ಡಾದರೂ ಮಾಡೋಣ ಅಂತ ಚಪಾತಿಗೆ ತರುವ ಗೋಧಿಹಿಟ್ಟು ಹಾಕಿ ನಾದಲು ಬಿಟ್ಟೆ. ಎಂಟನೇ ನಿಮಿಷಕ್ಕೆ ಸುಟ್ಟ ವಾಸನೆ. ಸರ್ವೀಸ್ ಸೆಂಟರಿನವರು ಕೇಳಿದ್ದು ಒಂದೇ ಮಾತು: ‘ಮ್ಯಾನ್ಯುಯಲ್ ಓದಿದ್ರಾ ಸಾರ್?’ ಓದಿದರೆ ಇತ್ತು, ಒಂದೇ ಸಮನೆ ಐದು ನಿಮಿಷಕ್ಕಿಂತ ಹೆಚ್ಚು ಓಡಿಸಬಾರದು ಅಂತ. ವಾರಂಟಿಗೆ ಬರಲ್ಲ ಅಂದ್ರು. ಕೈಯಿಂದಲೇ ದುಡ್ಡು ಹಾಕಿ ರಿಪೇರಿ ಮಾಡಿಸಿದೆ. ಅಂದಿನಿಂದ ಅದು ಫ್ರಿಜ್ಜಿನ ಮೇಲೆ ಬಟ್ಟೆ ಹೊದ್ದು ಕೂತಿತ್ತು.

1300 ವ್ಯಾಟ್ ಇದ್ದೂ ಯಾಕೆ ಹೀಗಾಯ್ತು? ಡಬ್ಬದ ಮೇಲೆ ಬರೆದ ವ್ಯಾಟ್ ಹೇಳೋದು ಯಂತ್ರ ಎಷ್ಟು ಕರೆಂಟ್ ಎಳೆಯುತ್ತೆ ಅನ್ನೋದನ್ನ. ಅದರಲ್ಲಿ ಎಷ್ಟು ಹಿಟ್ಟಿಗೆ ಮುಟ್ಟುತ್ತೆ, ಎಷ್ಟು ಶಾಖವಾಗಿ ಹೋಗುತ್ತೆ ಅನ್ನೋದು ಮೋಟಾರು ಮತ್ತು ಗೇರಿನ ಕೈಯಲ್ಲಿದೆ. ಬೇಕಿಂಗ್ ಹುಚ್ಚಿನವರೆಲ್ಲ ಕನಸು ಕಾಣುವ ಕಿಚನ್‌ಏಡ್ ಆರ್ಟಿಸನ್, ನಮ್ಮ ವೋಲ್ಟೇಜಿಗೆ ಬರುವ 4.8 ಲೀಟರಿನದ್ದು, ಬರೀ 300 ವ್ಯಾಟಿನದು. ನನ್ನ ಎಕ್ಸೆಲ್ ಶೀಟಿನಲ್ಲಿ ಹಾಕಿದ್ದರೆ ಮೊದಲ ಸುತ್ತಲ್ಲೇ ಔಟ್ ಆಗ್ತಿತ್ತು.

ಈ ಕಥೆ ಈಗ ಯಾಕೆ ಅಂದ್ರೆ, ಹೋದ ಮಾರ್ಚಿನಲ್ಲಿ ನನ್ನ ಹಳೇ ಟೀಮಿನ ಗೆಳತಿಯೊಬ್ಬಳ ಕೆಲಸ ಹೋಯ್ತು. ಹದಿನೈದು ನಿಮಿಷದ ಒಂದು ಕಾಲ್, ಅಷ್ಟೇ. ಮನೆಯಲ್ಲೇ ಕೇಕ್ ಮಾಡಿ ಮಾರ್ತೀನಿ ಅಂತ ಅವಳು ತೀರ್ಮಾನ ಮಾಡಿದ್ದಳು. ಅದಕ್ಕೆ ಎತ್ತಿಟ್ಟ ದುಡ್ಡು ಇಪ್ಪತ್ತೈದು ಸಾವಿರ. ‘ಯಾವ ಮಿಕ್ಸರ್ ತಗೊಳ್ಳಲಿ, ನೀನೇ ಹೇಳು’ ಅಂತ ಫೋನ್ ಮಾಡಿದಳು. ನನ್ನ ತಪ್ಪು ಆಯ್ಕೆಯಿಂದ ಹೋಗಿದ್ದು ಬೋನಸ್ಸಿನ ಒಂದು ತುಂಡು. ಅವಳದ್ದು ಹಾಗಲ್ಲ.

ನಾನು ದೊಡ್ಡ ಮನುಷ್ಯನ ಹಾಗೆ ಲೆಕ್ಚರ್ ಶುರು ಮಾಡಿದೆ. ಅದರಲ್ಲಿ ಹುರುಳಿಲ್ಲದೇ ಇರಲಿಲ್ಲ, ನಿಮಗೂ ಹೇಳ್ತೀನಿ.

ಮೊದಲು ಯಾವ ಕೇಕು ಅಂತ ನೋಡಿ. ಎಗ್‌ಲೆಸ್ ಅಂತ ನಾವು ಮಾಡುವ ಮೊಸರು, ಎಣ್ಣೆ, ಅಡುಗೆ ಸೋಡಾದ ಕೇಕಿಗೆ ಯಂತ್ರವೇ ಬೇಡ. ಅದು ಉಬ್ಬೋದು ಮೊಸರಿನ ಹುಳಿಗೆ ಸೋಡಾ ಸೇರಿ ಬರುವ ಗಾಳಿಯಿಂದ. ಅದಕ್ಕೆ ಬೀಟರ್ ಹಾಕಿ ತಿರುವಿದರೆ ಮೈದಾದ ಜಿಗುಟು ಎದ್ದು ಕೇಕು ರಬ್ಬರ್ ಆಗುತ್ತೆ. ಒಂದು ವಿಸ್ಕು, ಒಂದು ಸೌಟು ಸಾಕು. ರವೆ ಕೇಕು, ಬಾಳೆಹಣ್ಣಿನ ಕೇಕು ಕೂಡ ಹೆಚ್ಚುಕಮ್ಮಿ ಇದೇ ಜಾತಿ.

ಬೆಣ್ಣೆ-ಸಕ್ಕರೆಯ ಕೇಕಿಗೆ ಮಾತ್ರ ಯಂತ್ರದ ಉಪಯೋಗ ಇದೆ. ಸಕ್ಕರೆಯ ಹರಳು ಬೆಣ್ಣೆಯೊಳಗೆ ಸಣ್ಣ ಸಣ್ಣ ಗುಳ್ಳೆ ಕೊರೆಯುತ್ತೆ. ಬೇಕಿಂಗ್ ಪೌಡರ್ ಆ ಗುಳ್ಳೆಗಳನ್ನ ದೊಡ್ಡದು ಮಾಡುತ್ತೆ ಅಷ್ಟೇ, ಹೊಸದಾಗಿ ಹುಟ್ಟಿಸೋದಿಲ್ಲ. ಮೊಟ್ಟೆಯ ಸ್ಪಂಜ್ ಕೇಕು, ಕ್ರೀಮು, ಇವೂ ಅಷ್ಟೇ, ಗಾಳಿ ತುಂಬುವ ಕೆಲಸಗಳು. ಇಷ್ಟಕ್ಕೆ ಎರಡು ಸಾವಿರದ ಆಸುಪಾಸಿನ, 250-300 ವ್ಯಾಟಿನ ಹ್ಯಾಂಡ್ ಮಿಕ್ಸರ್ ಧಾರಾಳ. ಕೊಳ್ಳುವಾಗ ಕೈಯಲ್ಲಿ ಹಿಡಿದು ತೂಕ ನೋಡಿ. ಆನ್ ಮಾಡಿಸಿ ಮೊದಲ ಸ್ಪೀಡು ನಿಜವಾಗಲೂ ನಿಧಾನವಾ ಅಂತ ನೋಡಿ, ಇಲ್ಲದಿದ್ರೆ ಮೈದಾ ಹಾಕಿದ ತಕ್ಷಣ ಮುಖಕ್ಕೆ ಪೌಡರ್ ಆಗುತ್ತೆ. ಒಂದೇ ಸಮನೆ ಎಷ್ಟು ನಿಮಿಷ ಓಡಿಸಬಹುದು ಅಂತ ಅಂಗಡಿಯಲ್ಲೇ ಮ್ಯಾನ್ಯುಯಲ್ ಬಿಚ್ಚಿಸಿ ಓದಿ. ಎಂಟು ಸ್ಪೀಡ್, ಹತ್ತು ಸ್ಪೀಡ್ ಅನ್ನೋದಕ್ಕೆಲ್ಲ ಮರುಳಾಗಬೇಡಿ, ನಾವು ಬಳಸೋದು ಮೂರೇ.

ಬ್ರೆಡ್? ಹ್ಯಾಂಡ್ ಮಿಕ್ಸರಿನ ಜೊತೆ ಕೊಡುವ ಸುರುಳಿ ಕೊಕ್ಕೆ ಬರೀ ಶೋಕಿ, ಗಟ್ಟಿ ಹಿಟ್ಟಿಗೆ ಅದು ಏದುಸಿರು ಬಿಡುತ್ತೆ. ಕೈಯಲ್ಲೇ ನಾದಿ. ಅಥವಾ ನ್ಯೂಯಾರ್ಕಿನ ಬೇಕರ್ ಜಿಮ್ ಲೇಹಿ ದಾರಿ ಹಿಡಿಯಿರಿ. 2006ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂದ ಅವರ ವಿಧಾನದಲ್ಲಿ ನಾದೋದೇ ಇಲ್ಲ. ನೀರು ಹೆಚ್ಚು, ಈಸ್ಟ್ ಚಿಟಿಕೆ, ಹದಿನೆಂಟು ಗಂಟೆ ಮುಚ್ಚಿಟ್ಟು ಮರೆತುಬಿಡಿ. ತೋಳು ಮಾಡುವ ಕೆಲಸವನ್ನ ಸಮಯವೇ ಮಾಡುತ್ತೆ.

‘ಹಾಗಾಗಿ ನಿನಗೆ ಎರಡು ಸಾವಿರದ್ದು ಸಾಕು, ಮಿಕ್ಕಿದ್ದು ಉಳಿಸ್ಕೋ’ ಅಂತ ಮುಗಿಸಿದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ನಿನ್ನ ಹವ್ಯಾಸದ ಲೆಕ್ಕ ನನಗೆ ಹೇಳ್ಬೇಡ ಕಣೋ. ಶನಿವಾರ ಆರು ಕ್ರೀಮ್ ಕೇಕ್ ಆರ್ಡರ್ ಬಂದ್ರೆ? ಒಂದೊಂದಕ್ಕೂ ಬೀಟರ್ ಹಿಡ್ಕೊಂಡು ನಿಂತ್ರೆ ಟಿನ್ನಿಗೆ ಕಾಗದ ಹಾಕೋರು ಯಾರು, ಮೈದಾ ತೂಗೋರು ಯಾರು, ಫೋನ್ ಎತ್ತೋರು ಯಾರು? ಸ್ಟ್ಯಾಂಡ್ ಮಿಕ್ಸರ್ ತಗೊಳ್ಳೋದು ಪವರ್‌ಗಲ್ಲ, ಇನ್ನೆರಡು ಕೈಗೆ.’

ನನಗೆ ಮಾತೇ ಹೊರಡಲಿಲ್ಲ. ಯಂತ್ರದ ಚರಿತ್ರೆ ಕೂಡ ಅವಳ ಕಡೆಗೇ ಇದೆ. 1908ರಲ್ಲಿ ಅಮೆರಿಕದ ಹೋಬಾರ್ಟ್ ಕಂಪನಿಯ ಹರ್ಬರ್ಟ್ ಜಾನ್‌ಸ್ಟನ್ ಇದನ್ನ ಮೊದಲು ಮಾಡಿದ್ದು ಬೇಕರಿಗಳಿಗೆ. ಮನೆಯ ಸೈಜಿಗೆ ಇಳಿದದ್ದು 1919ರಲ್ಲಿ. ಕಸುಬಿಗೆ ಹುಟ್ಟಿದ್ದನ್ನ ನಾನು ತಿಂಗಳಿಗೊಂದು ಕೇಕಿಗೆ ತಂದು, ಕೊನೆಗೆ ಯಂತ್ರದ ಮೇಲೇ ಗೂಬೆ ಕೂರಿಸಿದ್ದೆ.

ಆದರೂ ಒಂದು ಪ್ರಶ್ನೆ ಉಳಿದಿತ್ತು. ‘ನಿನ್ನ ಓವನ್ನಿಗೆ ಒಂದು ಸಲಕ್ಕೆ ಎಷ್ಟು ಟಿನ್ ಹಿಡಿಸುತ್ತೆ?’ ಅಂತ ಕೇಳಿದೆ. ‘ಒಂದು’ ಅಂದಳು. ಮೊಟ್ಟೆಯ ನೊರೆ ಕಾಯೋದಿಲ್ಲ, ಕಲಸಿದ ಕೂಡಲೇ ಓವನ್ನಿಗೆ ಹೋಗಬೇಕು. ಬೀಟ್ ಮಾಡೋದಕ್ಕೆ ಹತ್ತು ನಿಮಿಷ, ಬೇಯೋದಕ್ಕೆ ಮೂವತ್ತೈದು. ಅಂದ್ರೆ ಅವಳ ಶನಿವಾರವನ್ನ ಹಿಡಿದು ನಿಲ್ಲಿಸೋದು ಓವನ್ನು. ಬೀಟರ್ ಎಷ್ಟೇ ಜೋರಾಗಿದ್ರೂ ಬೆಳಗಿನಿಂದ ಮಧ್ಯಾಹ್ನಕ್ಕೆ ಬರೋ ಕೇಕು ಅಷ್ಟೇ. ಬಾಟಲ್‌ನೆಕ್ ಅಂತ ಆಫೀಸಿನಲ್ಲಿ ದಿನಾ ಬಡಬಡಿಸ್ತಿದ್ದವರು ನಾವಿಬ್ಬರೂ, ಅಡುಗೆಮನೆಯಲ್ಲಿ ಅದನ್ನ ನೋಡೋದಕ್ಕೆ ಇಷ್ಟು ಹೊತ್ತು ಹಿಡಿಯಿತು.

ಇಬ್ಬರೂ ಕೂತು ಇನ್ನೊಂದು ಶೀಟ್ ಮಾಡಿದೆವು. ಈ ಸಲ ಯಂತ್ರಗಳ ಕಾಲಂ ಕೊನೆಗೆ. ಮೊದಲು ಅವಳ ಶನಿವಾರ, ಗಂಟೆ ಗಂಟೆಯ ಲೆಕ್ಕ. ಸ್ಪಂಜಿಗೆ ಹ್ಯಾಂಡ್ ಮಿಕ್ಸರ್ ಸಾಕು ಅಂತ ಆಯ್ತು, ಒಂದು ಟಿನ್ ಬೇಯುವಷ್ಟರಲ್ಲಿ ಇನ್ನೊಂದು ರೆಡಿಯಾದ್ರೆ ಸಾಕಲ್ಲ. ಸ್ಟ್ಯಾಂಡ್ ಮಿಕ್ಸರ್ ನಿಜವಾಗಿ ಬೇಕಾಗೋದು ಮಧ್ಯಾಹ್ನ, ಆರು ಕೇಕಿಗೂ ಸೇರಿಸಿ ಒಂದೇ ಸಲ ಲೀಟರುಗಟ್ಟಲೆ ಕ್ರೀಮ್ ಏರಿಸುವಾಗ. ದುಡ್ಡಿನ ದೊಡ್ಡ ಪಾಲು ಎರಡು ಟಿನ್ ಹಿಡಿಸುವ ಓವನ್ನಿಗೆ, ಒಂದು ಡಿಜಿಟಲ್ ತಕ್ಕಡಿಗೆ, ಓವನ್ ಒಳಗೆ ಇಡುವ ಥರ್ಮಾಮೀಟರಿಗೆ.

‘ಮತ್ತೆ ಸ್ಟ್ಯಾಂಡ್ ಮಿಕ್ಸರ್?’ ಅಂದೆ.

‘ನಿನ್ನ ಫ್ರಿಜ್ ಮೇಲಿದೆಯಲ್ಲ’ ಅಂದಳು.

ದುಡ್ಡು ಬೇಡ ಅಂದೆ. ‘ಕಸುಬಿನ ಸಾಮಾನು ಬಿಟ್ಟಿ ತಗೊಳ್ಳಲ್ಲ’ ಅಂತ ರಿಪೇರಿಗೆ ನಾನು ಕೊಟ್ಟಷ್ಟನ್ನೇ ಕೈಗಿಟ್ಟು, ಆಟೋದಲ್ಲಿ ಮಗುವನ್ನ ಕೂರಿಸಿಕೊಂಡ ಹಾಗೆ ತೊಡೆ ಮೇಲೆ ಇಟ್ಕೊಂಡು ಹೋದಳು. ನನ್ನ ಎರಡು ಮೊಟ್ಟೆಗೆ ಎಟುಕದ ಆ 5 ಲೀಟರ್ ಬಟ್ಟಲು, ಅವಳ ಕ್ರೀಮಿಗೆ ಅಳತೆ ಮಾಡಿ ಮಾಡಿಸಿದ ಹಾಗೆ ಕೂತಿದೆ.

ಅದೇ ಯಂತ್ರ, ಅದೇ 1300 ವ್ಯಾಟ್. ರೇಟಿಂಗ್ ಕೊಡು ಅಂದ್ರೆ ನಾನು ಒಂದು ಸ್ಟಾರ್ ಕೊಡ್ತಿದ್ದೆ, ಅವಳು ನಾಲ್ಕು ಕೊಡ್ತಾಳೆ. ಅಂಥ ನೂರಾರು ಸ್ಟಾರುಗಳ ಸರಾಸರಿ ನೋಡಿಯೇ ನಾನು ಅದನ್ನ ಕೊಂಡಿದ್ದು. ಆ ಸರಾಸರಿಯಲ್ಲಿ ತಿಂಗಳಿಗೊಂದು ಕೇಕ್ ಮಾಡುವವನೂ ಶನಿವಾರಕ್ಕೆ ಆರು ಮಾಡುವವಳೂ ಕಲಸಿಹೋಗಿರ್ತಾರೆ, ಮೈದಾ ಸಕ್ಕರೆಯ ಹಾಗೆ.

ಹೋದ ಶನಿವಾರ ಅವಳ ಮನೆಗೆ ಹೋಗಿದ್ದೆ. ಯಂತ್ರದ ಹಣೆಗೆ ಹಳದಿ ಚೀಟಿ ಅಂಟಿಸಿದ್ದಾಳೆ: ‘ನಾಲ್ಕು ನಿಮಿಷ. ಹಿಟ್ಟು ನಾದಬಾರದು.’ ಪಕ್ಕದಲ್ಲಿ ಟೈಮರ್. ಫ್ರಿಜ್ಜಿನ ಬಾಗಿಲ ಮೇಲೆ ಇನ್ನೊಂದು ಚೀಟಿ, ಉಳಿತಾಯ ಎಷ್ಟು ತಿಂಗಳು ತಡೆಯುತ್ತೆ ಅನ್ನೋ ಲೆಕ್ಕ. ಆರು ಚೌಕ, ಎರಡಕ್ಕೆ ಗೀಟು ಬಿದ್ದಿದೆ. ಆ ವಾರದ ಆರ್ಡರ್ ಮೂರು. ನನಗೊಂದು ಬಟ್ಟಲು ಕೊಟ್ಟು, ‘ಸುಮ್ನೆ ನಿಂತ್ಕೋಬೇಡ, ಆ ಮೈದಾ ಜರಡಿ ಹಿಡಿ’ ಅಂದಳು. ಹಿಡಿದೆ.