ರೌಸಿ–ಟೇಟ್: ಹಗೆ ಮರೆಮಾಚಿದ ಆಟ

ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್ (ಎಂಎಂಎ) ಆಟಗಾರ್ತಿಯರಾದ ರಾಂಡಾ ರೌಸಿ ಮತ್ತು ಮೀಶಾ ಟೇಟ್ ಅವರ ಮಾತು ಬಂದರೆ ಎಲ್ಲರೂ ಮೊದಲು ನೆನೆಯುವುದು ಕೈಕುಲುಕದ ಪ್ರಸಂಗವನ್ನು. 2013ರ ಡಿಸೆಂಬರ್ 28, ಲಾಸ್ ವೇಗಾಸ್. ಸೋತ ಟೇಟ್ ಕೈ ಚಾಚಿದರು, ಗೆದ್ದ ರೌಸಿ ಮುಖ ತಿರುಗಿಸಿ ನಡೆದರು, ನೆರೆದ ಜನ ಗೆದ್ದವರಿಗೇ ಛೀಮಾರಿ ಹಾಕಿದರು. ತನ್ನ ಕೋಚ್‌ಗೆ, ಬಳಗಕ್ಕೆ ಅವಮಾನ ಮಾಡಿದವರ ಕೈ ಮುಟ್ಟಲಾರೆ ಎಂಬುದು ರೌಸಿಯ ಸಮರ್ಥನೆ. ಈ ದೃಶ್ಯವನ್ನು ಮತ್ತೆ ಮತ್ತೆ ನೋಡಿದ ಅಭಿಮಾನಿಗಳು ಅದಕ್ಕೂ ಮುಂಚೆ ನಡೆದ ಆಟವನ್ನು ಸರಿಯಾಗಿ ನೋಡಲಿಲ್ಲ ಎಂಬುದು ನನ್ನ ತಕರಾರು.

2012ರ ಮಾರ್ಚ್‌ನಲ್ಲಿ ಇಬ್ಬರೂ ಮೊದಲ ಬಾರಿ ಎದುರಾದಾಗ ಟೇಟ್ ಸ್ಟ್ರೈಕ್‌ಫೋರ್ಸ್ ಎಂಬ ಎಂಎಂಎ ಸಂಸ್ಥೆಯ 135 ಪೌಂಡ್ ತೂಕವರ್ಗದ ಚಾಂಪಿಯನ್. ರೌಸಿಯ ಬಳಿ ಬೀಜಿಂಗ್ ಒಲಿಂಪಿಕ್ಸ್‌ನ ಜೂಡೊ ಕಂಚು ಇತ್ತು. ವೃತ್ತಿಪರ ಪಂದ್ಯ ಆಡಿದ್ದು ನಾಲ್ಕೇ. ಪಟ್ಟದ ಪಂದ್ಯಕ್ಕೆ ಸಾರಾ ಕಾಫ್‌ಮನ್ ಸರದಿಯಲ್ಲಿ ನಿಂತಿರುವಾಗ ರೌಸಿ ಬಾಯಿಬಲದಿಂದ ಮುಂದೆ ನುಗ್ಗಿದಳೆಂದು ಟೇಟ್ ದೂರಿದರು. ದೂರು ನ್ಯಾಯವಾದದ್ದೇ. ಆದರೆ ಬಾಯಿದ್ದವರು ಬರಗಾಲದಲ್ಲೂ ಬದುಕುವ ಈ ವ್ಯಾಪಾರದಲ್ಲಿ ಅದನ್ನು ಕೇಳುವವರು ಯಾರು?

ಓಹಾಯೊದ ಕೊಲಂಬಸ್‌ನಲ್ಲಿ ನಡೆದ ಆ ಪಂದ್ಯ ಮೊದಲ ಸುತ್ತಿನಲ್ಲೇ ಮುಗಿಯಿತು. ಎದುರಾಳಿಯ ತೋಳನ್ನು ಎರಡು ತೊಡೆಗಳ ನಡುವೆ ಸಿಕ್ಕಿಸಿ, ಸೊಂಟ ಎತ್ತಿ, ಮೊಣಕೈಯನ್ನು ಹಿಂದಕ್ಕೆ ಮಣಿಸುವ ಆರ್ಮ್‌ಬಾರ್ ರೌಸಿಯ ಪಟ್ಟು. ಮೊದಲ ಯತ್ನದಿಂದ ಟೇಟ್ ನುಣುಚಿಕೊಂಡರು. ಎರಡನೆಯದರಲ್ಲಿ ಮೊಣಕೈ ಕೀಲು ತಪ್ಪಿ ಬಾಗಬಾರದ ಕಡೆಗೆ ಬಾಗಿದ್ದರೂ ತಕ್ಷಣ ಸೋಲೊಪ್ಪಲಿಲ್ಲ. ಅದನ್ನು ಧೈರ್ಯ ಎನ್ನುವವರಿದ್ದಾರೆ. ನನಗದು ಹಟವಾಗಿಯೇ ಕಂಡಿತು. ಆದರೆ ಮುಂದೆ ಕೈಹಿಡಿದದ್ದೂ ಆ ಹಟವೇ.

ಹೆಂಗಸರು ಯುಎಫ್‌ಸಿ ಎಂಬ ಎಂಎಂಎ ಸಂಸ್ಥೆಯಲ್ಲಿ ಎಂದಿಗೂ ಆಡುವುದಿಲ್ಲ ಎಂದು 2011ರಲ್ಲಿ ಹೇಳಿದ್ದ ಅದರ ಆಗಿನ ಅಧ್ಯಕ್ಷ ಡೇನಾ ವೈಟ್, 2013ರ ಹೊತ್ತಿಗೆ ಇಬ್ಬರನ್ನೂ ‘ದಿ ಅಲ್ಟಿಮೇಟ್ ಫೈಟರ್’ ರಿಯಾಲಿಟಿ ಷೋನಲ್ಲಿ ಎದುರುಬದುರು ಕೋಚ್‌ಗಳಾಗಿ ಕೂರಿಸಿದ್ದರು. ರೌಸಿಗೆ ಎದುರಾಗಿ ಕೋಚ್ ಆಗಬೇಕಿದ್ದ ಆಟಗಾರ್ತಿ ಕ್ಯಾಟ್ ಝಿಂಗಾನೊ ಗಾಯಗೊಂಡಿದ್ದರು. ಬದಲಿಗೆ ಟೇಟ್ ಬರುತ್ತಾರೆಂದು ರೌಸಿಗೆ ತಿಳಿಸದೆ, ಆಕೆ ಕಂಗಾಲಾಗುವುದನ್ನು ಕ್ಯಾಮೆರಾದಲ್ಲಿ ಹಿಡಿದರು. ಗಂಡಸರೂ ಹೆಂಗಸರೂ ಒಂದೇ ಮನೆಯಲ್ಲಿದ್ದು ಸ್ಪರ್ಧಿಸಿದ ಮೊದಲ ಸರಣಿ ಅದು. ಆ ಹೊಸತನವನ್ನು ಬಿಟ್ಟು ಕೋಚ್‌ಗಳ ಕಿತ್ತಾಟವನ್ನೇ ಮಾರಿದ್ದು ಸಣ್ಣತನ. ಟಿಕೆಟ್ ಖರ್ಚಾದವು, ಒಪ್ಪೋಣ.

ಇಷ್ಟೆಲ್ಲ ಗದ್ದಲದ ಕೊನೆಗೆ ಲಾಸ್ ವೇಗಾಸ್‌ನಲ್ಲಿ ನಡೆದ ಆ ಎರಡನೆಯ ಪಂದ್ಯ ಮಾತ್ರ ನಿಜಕ್ಕೂ ಒಳ್ಳೆಯದು. ಅಲ್ಲಿಯವರೆಗೆ ರೌಸಿಯ ಏಳೂ ಪಂದ್ಯಗಳು ಮೊದಲ ಸುತ್ತಿನಲ್ಲೇ, ಅದೇ ಪಟ್ಟಿನಿಂದ ಮುಗಿದಿದ್ದವು. ಏನು ಬರುತ್ತದೆಂದು ಗೊತ್ತಿದ್ದ ಟೇಟ್ ಎರಡು ಸುತ್ತು ಅದನ್ನು ತಡೆದರು. ರೌಸಿ ಎತ್ತಿ ಎಸೆದರೂ, ತೋಳಿಗೆ ಗಂಟುಬಿದ್ದರೂ ಹೇಗೋ ಬಿಡಿಸಿಕೊಂಡು ಎದ್ದರು. ನಿಂತು ಆಡುವಾಗ ಗುದ್ದಿ ಮುಟ್ಟಿಸಿದರು. ಮೂರನೇ ಸುತ್ತಿನ 58ನೇ ಸೆಕೆಂಡಿಗೆ ತೋಳು ಮತ್ತೆ ಸಿಕ್ಕಿಬಿತ್ತು. ರೌಸಿಯ ಹಿಡಿತದ ಕೌಶಲಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಿಲ್ಲ. ಗುದ್ದು ಬಂದಾಗ ತಲೆ ಸರಿಸದೆ, ಎದುರಾಳಿಯನ್ನು ತಬ್ಬಿ ಕೆಡವಲು ನೇರ ನುಗ್ಗುವ ದೌರ್ಬಲ್ಯವೂ ಅಲ್ಲೇ ಬಯಲಾಗಿತ್ತು. ಗೆಲುವಿನ ಅಮಲಿನಲ್ಲಿ ರೌಸಿಯ ಬಳಗಕ್ಕೆ ಅದು ಕಾಣಲಿಲ್ಲ. ಬಾಕ್ಸಿಂಗ್‌ನಿಂದ ಬಂದ ಹಾಲಿ ಹೋಮ್‌ಗೆ ಕಂಡಿತು: 2015ರ ನವೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ ಅವರು ತಬ್ಬಲು ಸಿಗದೆ ಸುತ್ತ ಸರಿದಾಡಿ ಗುದ್ದಿ, ತಲೆಗೊಂದು ಒದೆ ಕೊಟ್ಟು ರೌಸಿಯನ್ನು ಕೆಡವಿದರು.

ಅದೇ ಹೋಮ್‌ರನ್ನು 2016ರ ಮಾರ್ಚ್‌ನಲ್ಲಿ ಸೋಲಿಸಿದವರು ಟೇಟ್. ನಾಲ್ಕರಲ್ಲಿ ಮೂರು ಸುತ್ತು ಕೈಬಿಟ್ಟಿದ್ದರೂ ಕಾದು, ಐದನೆಯದರಲ್ಲಿ ಹಿಂದಿನಿಂದ ಕುತ್ತಿಗೆ ಬಿಗಿದು ಪ್ರಜ್ಞೆ ತಪ್ಪಿಸಿದರು.

ಎರಡಕ್ಕೆ ಎರಡೂ ಸೋತ ಟೇಟ್‌ರನ್ನು ರೌಸಿಗೆ ಸಮ ಎನ್ನಲಾಗದು. ಆದರೆ ಕೇವಲ ಸುಲಭವಾಗಿ ಉರುಳಿದ ಎದುರಾಳಿ ಎಂದು ಬದಿಗಿಡುವುದು ಅದಕ್ಕಿಂತ ದೊಡ್ಡ ತಪ್ಪು. ಈ ಹಗೆಯಲ್ಲಿ ರೌಸಿಯದು ಮಿಗಿಲಾದ ಪಟ್ಟು, ಟೇಟ್‌ರದು ಮಿಗಿಲಾದ ತಾಳ್ಮೆ. 2016ರಲ್ಲೇ ಇಬ್ಬರನ್ನೂ ಬ್ರೆಜಿಲ್‌ನ ಅಮಾಂಡಾ ನೂನೆಸ್ ಮೊದಲ ಸುತ್ತಿನಲ್ಲೇ ಸೋಲಿಸಿದರು: ಜುಲೈನಲ್ಲಿ ಟೇಟ್‌ರನ್ನು, ಡಿಸೆಂಬರ್‌ನಲ್ಲಿ 48 ಸೆಕೆಂಡುಗಳೊಳಗೆ ರೌಸಿಯನ್ನು.