ಮುನಿದು ಹೋದವನು ಮರಳುವಾಗ

2011ರ ಆಗಸ್ಟ್ 31, ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬುಗಳಿಗೆ ಆಟಗಾರರನ್ನು ಕೊಳ್ಳಲು, ಮಾರಲು ಇದ್ದ ಗಡುವಿನ ಕೊನೆಯ ದಿನ. ಅಂದು ಲಿವರ್‌ಪೂಲ್ ಕ್ಲಬ್ಬು ಕ್ರೇಗ್ ಬೆಲ್ಲಮಿ ಎಂಬ ಮೂವತ್ತೆರಡು ವಯಸ್ಸಿನ ಸ್ಟ್ರೈಕರ್‌ನನ್ನು ಮರಳಿ ಕರೆಸಿಕೊಂಡಿತು. ಬೆಲ್ಲಮಿ ಇದೇ ಕ್ಲಬ್ಬಿಗೆ ಹಿಂದೆ ಒಂದೇ ಒಂದು ಸೀಸನ್ ಆಡಿದ್ದ. ಆ ಸೀಸನ್‌ನ ನಡುವೆ, 2007ರ ಫೆಬ್ರುವರಿಯಲ್ಲಿ, ತಂಡ ತರಬೇತಿಗೆಂದು ಪೋರ್ಚುಗಲ್‌ನಲ್ಲಿ ಬೀಡುಬಿಟ್ಟಿದ್ದಾಗ ಒಂದು ರಾತ್ರಿ ಜೊತೆ ಆಟಗಾರ ಯೋನ್ ಆರ್ನೆ ರೀಸೆ ಹಾಡು ಹೇಳಲೇಬೇಕೆಂದು ಪೀಡಿಸಿದ. ರೀಸೆ ಒಲ್ಲೆನೆಂದ. ಮಾತಿಗೆ ಮಾತು ಬೆಳೆದು, ಕೊನೆಗೆ ಬೆಲ್ಲಮಿ ಗಾಲ್ಫ್ ಕೋಲು ಹಿಡಿದು ರೀಸೆಯ ಕೋಣೆಗೆ ಹೋಗಿ ಹೊಡೆದ. ಕ್ಲಬ್ಬು ದಂಡ ಹಾಕಿತು. ಬೇಸಿಗೆಯಲ್ಲಿ ವೆಸ್ಟ್ ಹ್ಯಾಮ್‌ಗೆ ಮಾರಿತು. ಅದಕ್ಕೂ ಮುಂಚೆ, 2005ರಲ್ಲಿ, ನ್ಯೂಕ್ಯಾಸಲ್‌ನ ಮ್ಯಾನೇಜರ್ ಗ್ರೇಮ್ ಸೂನೆಸ್ ಜೊತೆ ಬಹಿರಂಗವಾಗಿ ಜಗಳ ಮಾಡಿಕೊಂಡು ಸ್ಕಾಟ್ಲೆಂಡಿನ ಸೆಲ್ಟಿಕ್‌ಗೆ ಎರವಲು ಹೋಗಿದ್ದ. ಹೋದಲ್ಲೆಲ್ಲ ಗೋಲು, ಹೋದಲ್ಲೆಲ್ಲ ರಂಪ.

ಇಂಥವನನ್ನು ಮತ್ತೆ ಮನೆಗೆ ಕರೆಯಬಹುದೇ? ಈ ಪ್ರಶ್ನೆ ಪ್ರತಿ ಬೇಸಿಗೆಯೂ ಯಾವುದಾದರೊಂದು ಕ್ಲಬ್ಬಿನ ಅಭಿಮಾನಿಗಳನ್ನು ಎರಡು ಬಣ ಮಾಡುತ್ತದೆ. ನಾನು ಯಾವ ಕ್ಲಬ್ಬಿಗೂ ಮನಸ್ಸು ಕೊಟ್ಟವನಲ್ಲ. ಹಾಗಾಗಿ ಈ ಜಗಳಗಳನ್ನು ಒಂದು ಸಾಹಿತ್ಯ ಪ್ರಕಾರವನ್ನು ಓದುವ ಹಾಗೆ ಓದುವ ಸವಲತ್ತು ನನಗಿದೆ. ಅದಕ್ಕೆ ತನ್ನದೇ ಪೀಠಿಕೆ, ತನ್ನದೇ ಅಲಂಕಾರ, ತನ್ನದೇ ಶಾಪಗಳಿವೆ. ಆದರೆ ಅದರ ಒಳಗಿನ ಕಟ್ಟು ಫುಟ್‌ಬಾಲಿಗಿಂತ ಬಹಳ ಹಳೆಯದು.

ಹೋಮರನ ಇಲಿಯಡ್ ಶುರುವಾಗುವುದೇ ತಂಡದ ಅತ್ಯುತ್ತಮ ವೀರ ನಾಯಕನ ಮೇಲೆ ಮುನಿದು ಡೇರೆ ಸೇರುವುದರಿಂದ. ಅಕಿಲೀಸ್ ಇಲ್ಲದೆ ಗ್ರೀಕರು ಸೋಲುತ್ತಾರೆ. ಒಂಬತ್ತನೆಯ ಪುಸ್ತಕದಲ್ಲಿ ಅವನನ್ನು ಕರೆತರಲು ನಿಯೋಗವೊಂದು ಹೋಗುತ್ತದೆ. ಅಲ್ಲಿ ಮೂವರು ಮಾತಾಡುತ್ತಾರೆ. ಮೊದಲು ಒಡಿಸ್ಯೂಸ್: ಅಗಮೆಮ್ನಾನ್ ಕೊಡಲೊಪ್ಪಿದ ಚಿನ್ನ, ಹನ್ನೆರಡು ಕುದುರೆ, ಇಪ್ಪತ್ತು ಹಂಡೆ, ಮಗಳು, ಊರುಗಳು, ಎಲ್ಲದರ ಪಟ್ಟಿ ಓದುತ್ತಾನೆ. ಆಮೇಲೆ ಅಕಿಲೀಸ್‌ನನ್ನು ಎತ್ತಿ ಆಡಿಸಿದ ಮುದುಕ ಫೀನಿಕ್ಸ್: ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ತುತ್ತಿಟ್ಟವನು ನಾನು, ನೀನು ನನ್ನ ಅಂಗಿಯ ಮೇಲೆ ದ್ರಾಕ್ಷಾರಸ ಉಗುಳಿದ್ದು ನೆನಪಿದೆಯೇ ಎಂಬ ಧಾಟಿಯಲ್ಲಿ ಉದ್ದಕ್ಕೆ ಮಾತಾಡುತ್ತಾನೆ. ಕೊನೆಗೆ ಏಜಾಕ್ಸ್. ಅವನ ಮಾತು ಬಹಳ ಚಿಕ್ಕದು. ಅದನ್ನೂ ಅವನು ಮೊದಲು ಅಕಿಲೀಸ್‌ಗೆ ಹೇಳುವುದಿಲ್ಲ, ಒಡಿಸ್ಯೂಸ್ ಕಡೆ ತಿರುಗಿ ಹೇಳುತ್ತಾನೆ: ನಡೆ ಹೋಗೋಣ, ಇವನಿಗೆ ಜೊತೆಗಾರರ ಪ್ರೀತಿಯ ಲೆಕ್ಕವೇ ಇಲ್ಲ.

ಈ ಭಾಗವನ್ನು ಪಾಠ ಮಾಡುವಾಗ ನಾನು ವಿದ್ಯಾರ್ಥಿಗಳಿಗೆ ಅಕಿಲೀಸ್‌ನ ಉತ್ತರಗಳನ್ನು ಒಂದರ ಕೆಳಗೊಂದು ಬರೆದುಕೊಳ್ಳಲು ಹೇಳುತ್ತೇನೆ. ಒಡಿಸ್ಯೂಸ್‌ಗೆ: ನಾಳೆಯೇ ಹಡಗೇರಿ ಊರಿಗೆ ಹೊರಡುತ್ತೇನೆ. ಫೀನಿಕ್ಸ್‌ಗೆ: ಹೋಗುವುದೋ ಇರುವುದೋ ಬೆಳಿಗ್ಗೆ ನೋಡೋಣ. ಏಜಾಕ್ಸ್‌ಗೆ: ಹೆಕ್ಟರ್ ನನ್ನವರ ಹಡಗುಗಳ ತನಕ ಬಂದರೆ ಆಗ ಎದ್ದೇಳುತ್ತೇನೆ. ಅತಿ ದೊಡ್ಡ ಕಾಣಿಕೆಗೆ ಕಿಂಚಿತ್ತೂ ಅಲುಗದವನು ಅತಿ ಚಿಕ್ಕ ಮಾತಿಗೆ ಇಷ್ಟಾದರೂ ಸಡಿಲವಾಗುತ್ತಾನೆ.

ಅಭಿಮಾನಿಗಳ ಚರ್ಚೆಯಲ್ಲಿ ಈ ಮೂವರೂ ಇರುತ್ತಾರೆ. ಒಡಿಸ್ಯೂಸ್ ಬಣದವರು ಲೆಕ್ಕದವರು: ಎಷ್ಟು ಗೋಲು, ಎಷ್ಟು ಸಂಬಳ, ಈ ಬೆಲೆಗೆ ಬೇರೆ ಯಾರು ಸಿಗುತ್ತಾರೆ. ಫೀನಿಕ್ಸ್ ಬಣದವರು ನೆನಪಿನವರು: ಅವನು ಹುಡುಗನಾಗಿ ಬಂದ ದಿನ, ಆ ಮಳೆಯಲ್ಲಿ ಹೊಡೆದ ಗೋಲು, ಅವನಿಗಾಗಿ ಕಟ್ಟಿದ ಹಾಡು. "ಏನೇ ಆಗ್ಲಿ ಮಾರಾಯ, ಅವ್ನು ನಮ್ಮವ್ನು" ಅನ್ನುವವರು. ಏಜಾಕ್ಸ್ ಬಣ ಯಾವಾಗಲೂ ಸಣ್ಣದು. ಇವನು ಬಂದರೆ ಡ್ರೆಸ್ಸಿಂಗ್ ರೂಮಿನಲ್ಲಿ ಇವನ ಪಕ್ಕ ಕೂರಬೇಕಾದವನ ಗತಿಯೇನು ಎಂದು ಅದು ಕೇಳುತ್ತದೆ. ಈ ಪ್ರಶ್ನೆ ಕೇಳಿದವನನ್ನು ಉಳಿದ ಎರಡೂ ಬಣಗಳು ಸಣ್ಣ ಮನಸ್ಸಿನವನೆಂದು ಬಯ್ಯುತ್ತವೆ. ಪ್ರತಿಭೆಯ ಬೆಲೆ ತಿಳಿಯದವನು, ಹಳೆಯದನ್ನು ಕೆದಕುವವನು ಅನ್ನುತ್ತವೆ. ನನಗೆ ಈ ಬೈಗುಳ ಅನ್ಯಾಯವೆನ್ನಿಸುತ್ತದೆ. ತಂಡವೆಂದರೆ ಹನ್ನೊಂದು ಜನ ಎಂಬುದನ್ನು ನೆನಪಿಟ್ಟುಕೊಂಡವನು ಅವನೊಬ್ಬನೇ.

ಒಡಿಸ್ಯೂಸ್ ಗೆಲ್ಲುವುದೂ ಉಂಟು. 2011ರ ಸೆಪ್ಟೆಂಬರಿನಲ್ಲಿ ಮ್ಯೂನಿಕ್‌ನ ಪಂದ್ಯದಲ್ಲಿ ಕಾರ್ಲೋಸ್ ಟೆವೆಜ್ ಬದಲಿ ಆಟಗಾರನಾಗಿ ಇಳಿಯಲು ಒಲ್ಲೆನೆಂದನೆಂದು ಆಪಾದಿಸಿ, ಇನ್ನು ಇವನು ನನ್ನ ತಂಡಕ್ಕೆ ಆಡುವುದಿಲ್ಲ ಎಂದರು ಮ್ಯಾಂಚೆಸ್ಟರ್ ಸಿಟಿಯ ಮ್ಯಾನೇಜರ್ ರಾಬರ್ಟೊ ಮಾನ್ಚಿನಿ. ಟೆವೆಜ್ ಅರ್ಜೆಂಟೀನಾಕ್ಕೆ ಹೋಗಿ ಗಾಲ್ಫ್ ಆಡಿಕೊಂಡಿದ್ದ. ಮಾರ್ಚಿನಲ್ಲಿ ಲೀಗ್ ಕೈಜಾರುತ್ತಿದೆ ಅನ್ನಿಸಿದಾಗ ಅದೇ ಮಾನ್ಚಿನಿ ಅವನನ್ನು ಕಣಕ್ಕಿಳಿಸಿದರು. ಏಪ್ರಿಲಿನಲ್ಲಿ ನಾರಿಚ್ ವಿರುದ್ಧ ಮೂರು ಗೋಲು ಹೊಡೆದು, ಗಾಲ್ಫ್ ಕೋಲು ಬೀಸುವ ಅಭಿನಯ ಮಾಡಿದ. ಸಿಟಿ ಆ ವರ್ಷ ಪ್ರಶಸ್ತಿ ಗೆದ್ದದ್ದು ಅಂಕಗಳು ಸಮವಾಗಿ, ಗೋಲುಗಳ ವ್ಯತ್ಯಾಸದ ಮೇಲೆ. ಲೆಕ್ಕದವರ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಒಂದು ವರ್ಷದ ನಂತರ ಟೆವೆಜ್ ಯುವೆಂಟಸ್‌ಗೆ ಹೋದ. ಯಾರೂ ಯಾರನ್ನೂ ಕ್ಷಮಿಸಿದಂತಿರಲಿಲ್ಲ, ಕೆಲಸವಾಗಿತ್ತು ಅಷ್ಟೆ.

ಬೆಲ್ಲಮಿಯ ಮರಳುವಿಕೆ ಬೇರೆ ಬಗೆಯದು. ಅವನು ಬಂದದ್ದು ವರ್ಗಾವಣೆಯ ಶುಲ್ಕವಿಲ್ಲದೆ, ಮ್ಯಾಂಚೆಸ್ಟರ್ ಸಿಟಿ ಬೇಡವೆಂದು ಬಿಟ್ಟ ಮೇಲೆ. ಸಿಟಿ ಅವನನ್ನು ಹಿಂದಿನ ಇಡೀ ವರ್ಷ ಎರಡನೆಯ ದರ್ಜೆಯ ಲೀಗಿನಲ್ಲಿದ್ದ ಕಾರ್ಡಿಫ್‌ಗೆ ಎರವಲು ಕೊಟ್ಟಿತ್ತು. ಲಿವರ್‌ಪೂಲ್‌ನಲ್ಲಿ ಅವನಿಗೆ ಸಿಕ್ಕ ಜಾಗವೂ ಹೆಚ್ಚು ದಿನ ಬದಲಿ ಆಟಗಾರರ ಬೆಂಚು. ಅವನ ಸುತ್ತ ತಂಡ ಕಟ್ಟುತ್ತೇವೆಂದು ಯಾರೂ ಹೇಳಲಿಲ್ಲ. ಮ್ಯಾನೇಜರ್ ಕೆನ್ನಿ ಡಾಲ್ಗ್ಲಿಷ್ ಅವನನ್ನು ಬೇಕಾದಾಗ ಆಡಿಸಿದರು, ಬೇಡವಾದಾಗ ಕೂರಿಸಿದರು. ನವೆಂಬರ್ 27ರಂದು ಅವನ ಗೆಳೆಯ, ವೇಲ್ಸ್ ತಂಡದ ಮ್ಯಾನೇಜರ್ ಗ್ಯಾರಿ ಸ್ಪೀಡ್ ತೀರಿಕೊಂಡ ಸುದ್ದಿ ಬಂದಾಗ, ಆ ದಿನದ ಪಂದ್ಯದಿಂದ ಅವನನ್ನು ಬಿಟ್ಟರು. 2012ರ ಜನವರಿಯಲ್ಲಿ ಲೀಗ್ ಕಪ್ಪಿನ ಸೆಮಿಫೈನಲ್‌ನಲ್ಲಿ ಲಿವರ್‌ಪೂಲನ್ನು ಫೈನಲ್‌ಗೆ ಒಯ್ದ ಗೋಲು ಬೆಲ್ಲಮಿಯದು, ಅದೂ ತನ್ನನ್ನು ಬಿಟ್ಟುಕೊಟ್ಟ ಸಿಟಿಯ ವಿರುದ್ಧವೇ. ಫೈನಲ್ ನಡೆದದ್ದು ಅವನ ಹುಟ್ಟೂರು ಕಾರ್ಡಿಫ್‌ನ ಕ್ಲಬ್ಬಿನ ಮೇಲೆ. ಅಲ್ಲಿಯೂ ಅವನು ಬೆಂಚಿನಿಂದ ಎದ್ದು ಬಂದವನು.

"ಅವನು ಬದಲಾಗಿದ್ದಾನೆಯೇ" ಎಂಬ ಪ್ರಶ್ನೆಯ ಸುತ್ತ ಅಭಿಮಾನಿಗಳು ಎಷ್ಟು ಮಾತು ವ್ಯರ್ಥ ಮಾಡುತ್ತಾರೆ ಎಂಬುದು ಇಲ್ಲಿ ಕಾಣುತ್ತದೆ. ಬೆಲ್ಲಮಿ ಬದಲಾಗಿದ್ದನೋ ಇಲ್ಲವೋ, ಯಾರ ಎದೆಯೊಳಗೆ ಇಳಿದು ನೋಡುವುದು? ಆದರೆ ಅವನು ಬಂದ ಷರತ್ತು ಬದಲಾಗಿತ್ತು, ಅದನ್ನು ಹೊರಗಿನಿಂದಲೇ ನೋಡಬಹುದಿತ್ತು. ಒಬ್ಬನ ಸಿಟ್ಟಿಗೆ ಉಳಿದವರು ತೆರಬೇಕಾದ ಬೆಲೆ ಕಡಿಮೆಯಾಗಿತ್ತು.

ಇಲ್ಲಿಯವರೆಗೆ ನಾನು ಏಜಾಕ್ಸ್ ಪಕ್ಷದ ವಕೀಲನಂತೆ ಮಾತಾಡಿದೆ. ಆದರೆ ಪಂಪನನ್ನು ಓದಿ ಬೆಳೆದವನಿಗೆ ಇಷ್ಟು ಸಲೀಸಾಗಿ ತೀರ್ಪು ಕೊಡಲು ಬರುವುದಿಲ್ಲ. ನಮ್ಮಲ್ಲೂ ಮುನಿದು ಕೂತ ವೀರನಿದ್ದಾನೆ. ಭೀಷ್ಮ ಸೇನಾಪತಿಯಾದಾಗ ಕರ್ಣ, ಈ ಮುದುಕ ಬೀಳುವ ತನಕ ನಾನು ಆಯುಧ ಹಿಡಿಯುವುದಿಲ್ಲ ಎಂದು ಹೊರಗುಳಿಯುತ್ತಾನೆ. ಹತ್ತು ದಿನ ಕೌರವರ ಕಡೆಯ ದೊಡ್ಡ ಬಿಲ್ಲುಗಾರ ಯುದ್ಧದಲ್ಲೇ ಇಲ್ಲ. ಆ ಹತ್ತು ದಿನ ಸತ್ತವರ ದೃಷ್ಟಿಯಿಂದ ನೋಡಿದರೆ ಇದು ಕ್ಷಮಿಸುವಂಥದ್ದಲ್ಲ. ಆದರೂ ನಾವು, ಕನ್ನಡದ ಓದುಗರು, ಕರ್ಣನನ್ನು ತಂಡ ಒಡೆದವನೆಂದು ನೆನೆಯುವುದಿಲ್ಲ. ಯಾಕೆಂದರೆ ಅವನ ಮುನಿಸಿನ ಹಿಂದೆ ಏನಿತ್ತೆಂದು ನಮಗೆ ಗೊತ್ತು. ವ್ಯಾಸಭಾರತದಲ್ಲಿ ಭೀಷ್ಮ ವೀರರ ಅಂತಸ್ತನ್ನು ಎಣಿಸುವಾಗ ಕರ್ಣನನ್ನು ಅರ್ಧರಥನೆಂದು ಕರೆಯುತ್ತಾನೆ. ಸೂತಪುತ್ರನೆಂಬ ಮಾತನ್ನು ಜೀವಮಾನವಿಡೀ ಕೇಳಿದವನ ಕಿವಿಗೆ ಆ ಅರ್ಧ ಎಂಬುದು ಹೇಗೆ ಕೇಳಿಸಿರಬೇಕು! ಶರಶಯ್ಯೆಯ ಬಳಿ ಬಂದಾಗ ಭೀಷ್ಮ, ನಾನು ಕಟುವಾಗಿ ಆಡಿದ್ದು ದ್ವೇಷದಿಂದಲ್ಲ ಅನ್ನುತ್ತಾನೆ. ಹತ್ತು ದಿನ ತಡವಾಗಿ.

ಆದ್ದರಿಂದ "ತಂಟೆಕೋರ" ಎಂಬ ಪದ ಎಲ್ಲಿ ಕಂಡರೂ ಅದನ್ನು ಇಟ್ಟವರು ಯಾರು ಎಂದು ಕೇಳಬೇಕಾಗುತ್ತದೆ. ಟೆವೆಜ್ ಬ್ಯೂನಸ್ ಐರಿಸ್‌ನ ಅಂಚಿನ ಫುಯೆರ್ತೆ ಅಪಾಚೆ ಎಂಬ ಬಡ ಕೇರಿಯವನು. ಮ್ಯಾನೇಜರನ ಹಟಕ್ಕೆ ಶಿಸ್ತು ಎಂಬ ಹೆಸರಿದೆ, ಆಟಗಾರನ ಹಟಕ್ಕೆ ದುರ್ನಡತೆ ಎಂಬ ಹೆಸರು. ಗಾಲ್ಫ್ ಕೋಲಿನ ಹೊಡೆತಕ್ಕೆ ಈ ಸಮರ್ಥನೆ ಒದಗುವುದಿಲ್ಲ, ಅದು ಬೇರೆ. ಆದರೆ ಎಲ್ಲ ತಂಟೆಯೂ ಗಾಲ್ಫ್ ಕೋಲಲ್ಲ.

ರೊಮೆಲು ಲುಕಾಕು ಯಾರನ್ನೂ ಹೊಡೆದವನಲ್ಲ. ಅವನ ಅಪರಾಧ ಮಾತಿನದ್ದು. 2021ರಲ್ಲಿ ಅವನ 24 ಗೋಲುಗಳ ಬಲದಿಂದ ಇಂಟರ್ ಮಿಲಾನ್ ಹನ್ನೊಂದು ವರ್ಷಗಳ ನಂತರ ಇಟಲಿಯ ಲೀಗ್ ಗೆದ್ದಿತು. ಅದೇ ಬೇಸಿಗೆಯಲ್ಲಿ, ತಾನು ಹದಿನೆಂಟರ ಹುಡುಗನಾಗಿ ಸೇರಿದ್ದ ಚೆಲ್ಸಿಗೆ ಸುಮಾರು 97.5 ಮಿಲಿಯನ್ ಪೌಂಡಿಗೆ ಮರಳಿದ. ಅದೂ ಒಂದು ಮರಳುವಿಕೆಯೇ, ಬೆಲ್ಲಮಿಯದಕ್ಕೆ ನೇರ ಎದುರು: ಸಿಂಹಾಸನದ ಮೇಲೆ ಕೂರಿಸಿ ತಂದದ್ದು. ಡಿಸೆಂಬರ್ ಕೊನೆಗೆ ಪ್ರಸಾರವಾದ ಸಂದರ್ಶನದಲ್ಲಿ ಚೆಲ್ಸಿಯ ಸ್ಥಿತಿ ತನಗೆ ಹಿತವಾಗಿಲ್ಲ, ಇಂಟರ್‌ಗೆ ಮತ್ತೆ ಹೋಗುವಾಸೆ ಎಂದ. ಮ್ಯಾನೇಜರ್ ಅವನನ್ನು ಲಿವರ್‌ಪೂಲ್ ಪಂದ್ಯದಿಂದ ಕೈಬಿಟ್ಟರು, ಅವನು ಕ್ಷಮೆ ಕೇಳಿದ. ಇಡೀ ಸೀಸನ್‌ನಲ್ಲಿ ಲೀಗಿನ ಗೋಲು ಎಂಟು. 2022ರಲ್ಲಿ ಎರವಲಿನ ಮೇಲೆ ಇಂಟರ್‌ಗೆ ಬಂದ. 2023ರಲ್ಲಿ ಇಂಟರ್ ಅವನನ್ನು ಕಾಯಮ್ಮಾಗಿ ಕೊಳ್ಳಲು ಹೊರಟಾಗ ಅವನ ಕಡೆಯವರು ಕಡುವೈರಿ ಯುವೆಂಟಸ್ ಜೊತೆಗೂ ಮಾತಾಡುತ್ತಿದ್ದದ್ದು ಬಯಲಾಗಿ, ಇಂಟರ್ ಕೈ ಬಿಟ್ಟಿತು. ಅವನು ರೋಮಾ ಸೇರಿದ.

ಆಗ ಎರಡು ಬಗೆಯ ಸಿಟ್ಟು ಕೇಳಿಬಂತು. ಒಂದು ಜೊತೆ ಆಟಗಾರ ಲೌಟಾರೊ ಮಾರ್ಟಿನೆಜ್‌ದು: ಆ ದಿನಗಳಲ್ಲಿ ಫೋನ್ ಮಾಡಿದೆ, ಎತ್ತಲಿಲ್ಲ, ನೋವಾಯಿತು ಎಂಬರ್ಥದ ಎರಡು ಮಾತು. ಏಜಾಕ್ಸ್ ಆಡಿದ್ದೂ ಇಷ್ಟೇ ಅಲ್ಲವೇ? ಇನ್ನೊಂದು ಸ್ಟೇಡಿಯಮ್ಮಿನ ಉತ್ತರ ದಿಕ್ಕಿನ ಕಟ್ಟಾ ಅಭಿಮಾನಿಗಳದು. ಅಕ್ಟೋಬರಿನಲ್ಲಿ ರೋಮಾ ಮಿಲಾನ್‌ಗೆ ಬಂದಾಗ ಐವತ್ತು ಸಾವಿರ ಸೀಟಿಗಳನ್ನು ಹಂಚಲು ಅವರು ಸಿದ್ಧರಾದರು. ಆಡಳಿತ ಸೀಟಿಗಳನ್ನು ತಡೆಯಿತು. ಜನ ಬಾಯಲ್ಲೇ ಊದಿದರು.

ಇದೇ ಬಣ 2019ರಲ್ಲಿ ಇನ್ನೊಂದು ಪತ್ರ ಬರೆದಿತ್ತು. ಕಲ್ಯಾರಿಯಲ್ಲಿ ಲುಕಾಕು ಪೆನಾಲ್ಟಿ ಹೊಡೆಯಲು ನಿಂತಾಗ ಎದುರು ಕಡೆಯ ಪ್ರೇಕ್ಷಕರು ಮಂಗನ ದನಿ ಮಾಡಿ ಅಣಕಿಸಿದ್ದರು. ಆಗ ಇಂಟರ್‌ನ ಈ ಅಭಿಮಾನಿಗಳು ತಮ್ಮದೇ ಆಟಗಾರನಿಗೆ ಬಹಿರಂಗ ಪತ್ರ ಬರೆದು, ಅದು ಜನಾಂಗ ದ್ವೇಷವಲ್ಲ, ಎದುರಾಳಿಯನ್ನು ವಿಚಲಿತಗೊಳಿಸುವ ರೀತಿ ಅಷ್ಟೆ ಎಂದು ತಿಳಿಹೇಳಿದರು. ಈ ಎರಡು ಪಠ್ಯಗಳನ್ನು ಅಕ್ಕಪಕ್ಕ ಇಟ್ಟು ಓದಿದಾಗ ನನಗೆ ಇಡೀ ಚರ್ಚೆಯ ಬಗ್ಗೆಯೇ ಕಸಿವಿಸಿಯಾಗುತ್ತದೆ. ಅವನ ಚರ್ಮಕ್ಕೆ ಬಿದ್ದ ಪೆಟ್ಟನ್ನು ಸಹಿಸಿಕೋ ಎಂದವರು ತಮ್ಮ ಮಾನಕ್ಕೆ ಬಿದ್ದ ಪೆಟ್ಟಿಗೆ ಐವತ್ತು ಸಾವಿರ ಸೀಟಿ ತಂದರು. ಇವರೂ "ಬೇಡ" ಅನ್ನುವವರೇ, ಏಜಾಕ್ಸ್ ಕೂಡ "ಬೇಡ" ಅನ್ನುವವನೇ. ಆದರೆ ಇವರ "ಬೇಡ" ಜೊತೆ ಆಟಗಾರನ ಪರವಾಗಿ ಹುಟ್ಟಿದ್ದಲ್ಲ, ಕೈಕೊಟ್ಟ ಪ್ರಿಯತಮನ ಮೇಲಿನ ರೋಷ ಅದು. ಲುಕಾಕು ಮಾತು ತಪ್ಪಿದ್ದು ನಿಜ, ಮಾರ್ಟಿನೆಜ್‌ನ ನೋವೂ ನಿಜ. ಆ ನೋವನ್ನು ಮುಂದಿಟ್ಟು ಮಾತಾಡಲು ಸ್ಟೇಡಿಯಮ್ಮಿನ ಆ ಭಾಗಕ್ಕೆ ಹಕ್ಕಿತ್ತೆಂದು ನಾನು ಒಪ್ಪಲಾರೆ.

ಬೆಲ್ಲಮಿಯ ವಿಷಯದಲ್ಲಿ ಒಂದು ಮಾತು ಉಳಿಯಿತು. ಗಾಲ್ಫ್ ಕೋಲಿನ ರಾತ್ರಿಯಾಗಿ ಕೆಲವೇ ದಿನಕ್ಕೆ ಲಿವರ್‌ಪೂಲ್ ಬಾರ್ಸಿಲೋನಾದ ಅಂಗಳದಲ್ಲಿ ಆಡಿತು. ಬೆಲ್ಲಮಿ ಗೋಲು ಹೊಡೆದು ಕೋಲು ಬೀಸಿದಂತೆ ಅಭಿನಯಿಸಿದ. ಟೆವೆಜ್‌ಗಿಂತ ಐದು ವರ್ಷ ಮೊದಲು. ಆ ಚಿತ್ರ ಎಲ್ಲರಿಗೂ ನೆನಪಿದೆ, ಜನ ಇವತ್ತಿಗೂ ನಗುತ್ತಾರೆ. ಪಂದ್ಯ ಗೆಲ್ಲಿಸಿದ ಎರಡನೆಯ ಗೋಲು ರೀಸೆಯದು, ಅವನಿಗೆ ಚೆಂಡು ಕೊಟ್ಟವನು ಬೆಲ್ಲಮಿ. ಅಭಿಮಾನಿಗಳು ಇದನ್ನೇ ಸಾಕ್ಷಿಯಾಗಿ ಮುಂದಿಡುತ್ತಾರೆ: ನೋಡಿ, ಅವರೇ ರಾಜಿಯಾದರು. ಮೈದಾನದಲ್ಲಿ ತೆರವಾಗಿ ನಿಂತವನಿಗೆ ಚೆಂಡು ಕೊಡುವುದು ರಾಜಿಯಲ್ಲ, ಆಟ. 2011ರಲ್ಲಿ ಬೆಲ್ಲಮಿ ಮರಳಿ ಬಂದಾಗ ರೀಸೆ ಲಿವರ್‌ಪೂಲ್ ಬಿಟ್ಟು ಮೂರು ವರ್ಷವಾಗಿತ್ತು. ಆ ಬೇಸಿಗೆಯಲ್ಲಷ್ಟೇ ಅವನು ಲಂಡನ್ನಿನ ಫುಲ್ಹ್ಯಾಮ್ ಕ್ಲಬ್ಬನ್ನು ಸೇರಿದ್ದ.