ಓದದೆ ಬಿಟ್ಟ ಭೂಪಟ

ಭೂಪಟವನ್ನು ವಿಮರ್ಶೆಯ ಸಾಮಗ್ರಿಯೆಂದು ನಾವು ಸಾಮಾನ್ಯವಾಗಿ ಎಣಿಸುವುದಿಲ್ಲ. ಆದರೆ ಅದೂ ಒಂದು ಬರವಣಿಗೆಯೇ. ಅದಕ್ಕೂ ಲಿಪಿಯುಂಟು, ವ್ಯಾಕರಣವುಂಟು, ಓದುಗನ ಅಗತ್ಯವುಂಟು. ವೇಲ್ಸ್ ನಾಡಿನ ಟಾಫ್ ನದಿಯ ಕಣಿವೆಯನ್ನು ತೋರಿಸುವ ಆರ್ಡ್‌ನನ್ಸ್ ಸರ್ವೆಯ ಹಳೆಯ ಭೂಪಟಗಳು ಈ ಮಾತಿಗೆ ಸಾಕ್ಷಿಯಾಗಿವೆ.

ಕಣಿವೆಯ ತಳದಲ್ಲಿ ನದಿ. ಪೂರ್ವದ ದಡದಲ್ಲಿ ಮರ್ಥರ್ ವೇಲ್ ಕಲ್ಲಿದ್ದಲು ಗಣಿ. ಪಶ್ಚಿಮದಲ್ಲಿ ಅಬರ್‌ವ್ಯಾನ್ ಎಂಬ ಹಳ್ಳಿ, ಅದರ ಸಾಲುಮನೆಗಳು, ಪ್ರಾರ್ಥನಾಮಂದಿರ, ಶಾಲೆ. ಹಳ್ಳಿಯ ಹಿಂದೆ ಎತ್ತರವನ್ನು ಸೂಚಿಸುವ ಗೆರೆಗಳು ಒತ್ತೊತ್ತಾಗಿವೆ. ಎಂದರೆ ಬೆಟ್ಟ ಕಡಿದಾಗಿದೆ. ಅವುಗಳ ನಡುವೆ ಹುಟ್ಟಿ ಕೆಳಗಿಳಿಯುವ ತೆಳುಗೆರೆಗಳು ಒರತೆಯ ನೀರಿನ ಗುರುತು.

ಗಣಿಯಿಂದ ತೆಗೆದ ಕಸವನ್ನು ಈ ಬೆಟ್ಟದ ಮೇಲೆ ರಾಶಿ ಹಾಕುತ್ತಿದ್ದರು. 1947ರಲ್ಲಿ ಬ್ರಿಟನ್ನಿನ ಗಣಿಗಳು ರಾಷ್ಟ್ರೀಯ ಕಲ್ಲಿದ್ದಲು ಮಂಡಲಿಯ ವಶಕ್ಕೆ ಬಂದವು. 1958ರಲ್ಲಿ ಆ ಮಂಡಲಿಯವರು ಏಳನೆಯ ರಾಶಿಯನ್ನು ಆರಂಭಿಸಿದ್ದು ಭೂಪಟ ಗುರುತಿಸಿದ್ದ ಒರತೆಗಳ ಮೇಲೆಯೇ. 1966ರ ಅಕ್ಟೋಬರ್ 21ರ ಬೆಳಿಗ್ಗೆ, ನೀರು ಕುಡಿದು ಸಡಿಲವಾದ ಆ ರಾಶಿ ಜಾರಿ, ಶಾಲೆಯ ಮೇಲೂ ಮನೆಗಳ ಮೇಲೂ ಬಿತ್ತು. 116 ಮಕ್ಕಳೂ 28 ಮಂದಿ ದೊಡ್ಡವರೂ ಸತ್ತರು.

ಒರತೆಯ ಸಂಗತಿ ತಿಳಿಯಲು ಸಾಧ್ಯವೇ ಇರಲಿಲ್ಲವೆಂದು ಮಂಡಲಿಯ ಅಧ್ಯಕ್ಷ ಲಾರ್ಡ್ ರಾಬೆನ್ಸ್ ಹೇಳಿಕೆಯಿತ್ತರು. 1967ರಲ್ಲಿ ವರದಿ ಕೊಟ್ಟ ವಿಚಾರಣಾ ಆಯೋಗ ಇದನ್ನು ಒಪ್ಪಲಿಲ್ಲ. ಹೊಣೆಯನ್ನು ಮಂಡಲಿಯ ಮೇಲೆಯೇ ಹೊರಿಸಿತು.

ಕಾವ್ಯವನ್ನೋದುವಾಗ ನಾವು ಧ್ವನಿಯನ್ನು ಅರಸುತ್ತೇವೆ. ವಾಚ್ಯಾರ್ಥವಂತೂ ಯಾರಿಗಾದರೂ ಹೊಳೆಯುತ್ತದೆಂದು ನಂಬುತ್ತೇವೆ. ಅಬರ್‌ವ್ಯಾನಿನಲ್ಲಿ ಯಾರೂ ಗಮನಿಸದೆ ಹೋದದ್ದು ವಾಚ್ಯಾರ್ಥವನ್ನೇ. ಭೂಪಟಕ್ಕೂ ಒಂದು ಮಿತಿಯುಂಟೆಂಬುದು ನಿಜ. ತೊರೆಯನ್ನೂ ಶಾಲೆಯನ್ನೂ ಅದು ಒಂದೇ ನಿರ್ಲಿಪ್ತ ದನಿಯಲ್ಲಿ ಹೇಳಿ ಸುಮ್ಮನಾಗುತ್ತದೆ. ಮೇಲೆ ನೀರು, ಕೆಳಗೆ ಮಕ್ಕಳು ಎಂದು ಅನ್ವಯ ಮಾಡಿಕೊಳ್ಳುವುದು ಓದುಗನ ಕೆಲಸ. ಅಪಾಯವನ್ನು ಕಂಡವರು ಇರಲಿಲ್ಲವೆಂದಲ್ಲ. ಶಾಲೆಯ ಹಿಂದೆ ಸುರಿಯುತ್ತಿದ್ದ ಕಸದ ಅಪಾಯವನ್ನು ಕುರಿತು ಸ್ಥಳೀಯ ಪುರಸಭೆಯ ಇಂಜಿನಿಯರರು 1963ರಲ್ಲೇ ಪತ್ರ ಬರೆದಿದ್ದರು. ಆ ಪತ್ರಕ್ಕೂ ತಕ್ಕ ಓದುಗರು ದೊರೆಯಲಿಲ್ಲ.

1989ರಲ್ಲಿ ಗಣಿ ಮುಚ್ಚಿತು. ಹಳ್ಳಿಯ ಮೇಲಿದ್ದ ರಾಶಿಗಳನ್ನು ಅದಕ್ಕೂ ಬಹಳ ಮೊದಲೇ ತೆಗೆದುಹಾಕಿದ್ದರು. ಶಾಲೆಯಿದ್ದ ಜಾಗದಲ್ಲಿ ಈಗ ಸ್ಮಾರಕ ಉದ್ಯಾನವಿದೆ. ಹಳೆಯ ಹಾಳೆಯನ್ನು ಬಿಡಿಸಿದರೆ ಆ ತೆಳುಗೆರೆ ಇಂದಿಗೂ ಕಾಣುತ್ತದೆ. ಅದನ್ನು ಓದಲು ಪಾಂಡಿತ್ಯವೇನೂ ಬೇಕಾಗಿರಲಿಲ್ಲ. ಕೆಳಗೆ ವಾಸವಾಗಿದ್ದವರ ಮೇಲೆ ಕೊಂಚ ಲಕ್ಷ್ಯವಿದ್ದರೆ ಸಾಕಿತ್ತು.